ಲೇಪವೂ ನಿರ್ಲೇಪವೂ

ಸಣ್ಣ ವಸ್ತುಗಳ ವಿಷಯದಲ್ಲಿ ಮನುಷ್ಯನು ಮಾಡುವ ಆಯ್ಕೆಗಳಿಗೆ ಧರ್ಮವಿಚಾರದಲ್ಲಿ ಸ್ಥಾನವಿಲ್ಲವೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಸತ್ಯ, ದಾನ, ಯುದ್ಧ, ರಾಜ್ಯ ಇವುಗಳ ಸಂಬಂಧದಲ್ಲಿ ನ್ಯಾಯಾನ್ಯಾಯಗಳನ್ನು ವಿವೇಚಿಸುವಷ್ಟು ಶ್ರದ್ಧೆಯಿಂದ ಪಾತ್ರೆ, ಪೊರಕೆ, ಬಚ್ಚಲುಗಳ ಸಂಬಂಧದಲ್ಲಿ ಯಾರೂ ವಿವೇಚಿಸುವುದಿಲ್ಲ. ಆದರೂ ಗೃಹಸ್ಥನ ಆಯುಸ್ಸಿನ ಹೆಚ್ಚಿನ ಪಾಲು ಕಳೆಯುವುದು ಈ ಎರಡನೆಯ ಜಾತಿಯ ವಸ್ತುಗಳ ನಡುವೆಯೇ. ಅವನು ಇತರರಿಗೆ ಮಾಡುವ ಉಪಕಾರ ಅಪಕಾರಗಳಲ್ಲಿ ಬಹುಭಾಗ ಇವುಗಳ ಮೂಲಕವೇ ಅವನಿಗೆ ತಿಳಿಯದಂತೆ ನಡೆದುಹೋಗುತ್ತದೆ. ಆದುದರಿಂದ ಸ್ನಾನದ ಮನೆಯ ಗಾಜಿನ ಕದಕ್ಕೆ ಯಾವ ಲೇಪವನ್ನು ಬಳಿಯಿಸಬೇಕು ಎಂಬುದನ್ನು ಬರಿಯ ಅಂಗಡಿಯ ಪ್ರಶ್ನೆಯೆಂದು ತಳ್ಳಿಹಾಕದೆ, ಅದರೊಳಗೆ ಅಡಗಿರುವ ಕರ್ತವ್ಯದ ಪ್ರಶ್ನೆಯನ್ನು ಬಿಡಿಸಿ ನೋಡುವುದು ವ್ಯರ್ಥವಾಗಲಾರದು.

ಹಿಂದಿನ ಮನೆಗಳ ಬಚ್ಚಲು ಯಾರ ಕಣ್ಣನ್ನೂ ಮೆಚ್ಚಿಸುವುದಕ್ಕಾಗಿ ಹುಟ್ಟಿದುದಲ್ಲ. ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಮಸಿ ಹಿಡಿದ ಗೋಡೆ, ಕಾಲಿಗೆ ಒರಟಾದ ಕಲ್ಲುಚಪ್ಪಡಿ, ಇಷ್ಟೇ ಅದರ ಸಂಪತ್ತು. ಹಂಡೆಯ ಒಳಮೈಗೆ ಸುಣ್ಣ ಕಟ್ಟುತ್ತಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಕೊರಳಿಗೆ ಹೂವು ಕಟ್ಟಿ, ಮತ್ತೆ ವರ್ಷದ ಮಸಿಗೆ ಬಿಟ್ಟುಕೊಡುತ್ತಿದ್ದರು. ಅಲ್ಲಿ ಕಲೆಯನ್ನು ಬಳಕೆಯ ಗುರುತೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಗಾಜಿನ ಕದದ ಸ್ವಭಾವವೇ ಬೇರೆ. ಕದವಿದ್ದೂ ಇಲ್ಲದಂತೆ ತೋರಬೇಕೆಂಬುದೇ ಅದನ್ನು ಇಡಿಸುವುದರ ಉದ್ದೇಶ. ಆದಕಾರಣ ಅದರ ಮೇಲೆ ಕುಳಿತ ಒಂದು ಬಿಳಿಯ ಚುಕ್ಕೆಯೂ ಅಪರಾಧದಂತೆ ಕಾಣುತ್ತದೆ. ಹೊಸ ಮನೆಯ ಒಕ್ಕಲಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಕದಕ್ಕೆ ಮಬ್ಬು ಕವಿದಿರುತ್ತದೆ. ಯಜಮಾನನು ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ನಾಲ್ಕಾರು ಶೀಶೆಗಳನ್ನು ಮುಂದಿಡುತ್ತಾನೆ. ಒಂದೊಂದರ ಮೇಲೂ, ಇನ್ನು ಮುಂದೆ ತೊಳೆಯುವ ಗೋಜೇ ಇಲ್ಲವೆಂಬ ಅರ್ಥದ ಮಾತು ಅಚ್ಚಾಗಿರುತ್ತದೆ.

ಆ ಮಬ್ಬು ಏನೆಂಬುದನ್ನು ಮೊದಲು ತಿಳಿಯಬೇಕು. ಬೆಂಗಳೂರಿಗೆ ೧೯೭೪ರಲ್ಲಿ ಕಾವೇರಿಯ ನೀರು ಬಂದಿತಾದರೂ, ನಗರದ ಹೊರವಲಯದ ಎಷ್ಟೋ ಮನೆಗಳ ಸ್ನಾನವು ನಡೆಯುವುದು ಕೊಳವೆ ಬಾವಿಯ ನೀರಿನಲ್ಲಿ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ಆ ನೀರು ಸುಣ್ಣದ ಮತ್ತು ಮೆಗ್ನೀಸಿಯದ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಗೊತ್ತುಮಾಡಿದ ಪ್ರಕಾರ, ಲೀಟರಿಗೆ ೨೦೦ ಮಿಲಿಗ್ರಾಂ ಗಡಸುತನವು ಒಪ್ಪತಕ್ಕದ್ದು. ಬೇರೆ ನೀರೇ ಇಲ್ಲದ ಕಡೆ ೬೦೦ರವರೆಗೆ ಸಹಿಸಬಹುದು. ಒಂದು ಮನೆಯ ನೀರಿನಲ್ಲಿ ೪೦೦ ಮಿಲಿಗ್ರಾಂ ಇದೆಯೆಂದೂ, ಒಂದೊಂದು ಸ್ನಾನವಾದ ಮೇಲೆ ಕದದ ಮೇಲೆ ೫೦ ಮಿಲಿಲೀಟರು ನೀರು ನಿಂತು ಒಣಗುವುದೆಂದೂ ಇಟ್ಟುಕೊಂಡರೆ, ದಿನಕ್ಕೆ ನಾಲ್ವರು ಮೀಯುವ ಆ ಮನೆಯ ಗಾಜಿನ ಮೇಲೆ ವರ್ಷಕ್ಕೆ ಸುಮಾರು ೨೯ ಗ್ರಾಂ ಕಲ್ಲು ಕೂಡುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಕಲ್ಲು ಹೋಗಲಾರದು. ಇದರ ಜೊತೆಗೆ ಸಾಬೂನಿನ ಕೊಬ್ಬಿನ ಅಂಶವು ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಜಿಗುಟಾಗಿ ಮಾರ್ಪಡುತ್ತದೆ. ಕದದ ಮೇಲಿನ ಬಿಳಿಯ ಪರೆ ಈ ಎರಡರ ಬೆಸುಗೆಯೇ ಹೊರತು ಬೀದಿಯ ಧೂಳಲ್ಲ. ಅದು ಮಿಂದವನೇ ಬಿಟ್ಟುಹೋದ ಉಳಿಕೆ.

ಈ ಉಳಿಕೆಯನ್ನು ಬಹುಕಾಲ ಹಾಗೆಯೇ ಬಿಟ್ಟರೆ ಕೆಡುಕು ಮೇಲ್ಮೈಯಲ್ಲಿ ನಿಲ್ಲುವುದಿಲ್ಲ. ಕಿಟಕಿ ಕದಗಳ ಗಾಜಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮರಳಿನ ಅಂಶವಿದ್ದರೆ, ಉಳಿದುದರಲ್ಲಿ ಬಹುಪಾಲು ಸೋಡಾ ಮತ್ತು ಸುಣ್ಣ. ನಿಂತ ತೇವವು ಗಾಜಿನೊಳಗಿನ ಸೋಡಾವನ್ನು ಮೆಲ್ಲಮೆಲ್ಲನೆ ಹೊರಗೆಳೆಯುತ್ತದೆ. ಹಾಗೆ ಕ್ಷಾರವಾದ ಆ ನೀರಿನ ಪರೆಯು ಮುಂದೆ ಗಾಜಿನ ಮರಳನ್ನೇ ತಿನ್ನಲು ತೊಡಗುತ್ತದೆ. ಮೊದಲ ದಿನಗಳ ಕಲೆಯು ನಿಂಬೆಯ ಹುಳಿಗೆ ಬಿಟ್ಟುಕೊಡುವುದು. ಕಾಲ ಕಳೆದ ಕಲೆಗೆ ಯಾವ ಹುಳಿಯೂ ನಾಟದು, ಏಕೆಂದರೆ ಅಲ್ಲಿ ತೆಗೆಯತಕ್ಕ ಕಲೆಯೇ ಇರುವುದಿಲ್ಲ, ಗಾಜೇ ಸವೆದಿರುತ್ತದೆ.

ಇನ್ನು ಲೇಪದ ವಿಚಾರ. ನೀರಿನ ಮೇಲ್ಮೈಯ ಮೇಲೆ ತೆಳುವಾದ ಜಿಡ್ಡು ಹೇಗೆ ವರ್ತಿಸುತ್ತದೆಂಬುದನ್ನು ಅಳತೆಯಿಂದ ಕಂಡುಹಿಡಿದವರಲ್ಲಿ ಮೊದಲಿಗಳು ಜರ್ಮನಿಯ ಬ್ರೌನ್‌ಷ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್. ಹೆಣ್ಣಾದುದರಿಂದ ವಿಶ್ವವಿದ್ಯಾನಿಲಯದ ಬಾಗಿಲು ಆಕೆಗೆ ತೆರೆದಿರಲಿಲ್ಲ. ಮನೆಗೆಲಸದ ನಡುವೆಯೇ, ತಾನೇ ಅಣಿಮಾಡಿಕೊಂಡ ತಗಡಿನ ತೊಟ್ಟಿಯಲ್ಲಿ ಆಕೆ ನಡೆಸಿದ ಪ್ರಯೋಗಗಳ ಪತ್ರವನ್ನು ಲಾರ್ಡ್ ರ್‍ಯಾಲೆಯು ೧೮೯೧ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ದಾರಿಯಲ್ಲಿಯೇ ಮುಂದೆ ನಡೆದ ಕ್ಯಾಥರೀನ್ ಬ್ಲಾಜೆಟ್ ಎಂಬ ಅಮೆರಿಕದ ವಿದುಷಿಯು ೧೯೩೮ರಲ್ಲಿ ಬೇರಿಯಂ ಸ್ಟಿಯರೇಟಿನ ೪೪ ಪದರಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಕೂರಿಸಿ, ಬೆಳಕನ್ನು ಪ್ರತಿಫಲಿಸದ ಗಾಜನ್ನು ತೋರಿಸಿದಳು. ಬೇರಿಯಂ ಸ್ಟಿಯರೇಟು ಸಾಬೂನಿನ ಜಾತಿಯ ವಸ್ತು; ಬಚ್ಚಲ ಕದವನ್ನು ಮಬ್ಬಾಗಿಸುವ ಜಿಗುಟಿಗೆ ಅದು ಹತ್ತಿರದ ಬಂಧು. ಅಳತೆಯಿಂದ ಕೂರಿಸಿದಾಗ ಗಾಜನ್ನು ಕಾಣದಂತೆ ಮಾಡಿದ ವಸ್ತುವು, ಅಳತೆಯಿಲ್ಲದೆ ಕುಳಿತಾಗ ಗಾಜಿನಾಚೆ ಏನೂ ಕಾಣದಂತೆ ಮಾಡುತ್ತದೆ. ಆ ೪೪ ಪದರಗಳು ಬಹು ಮೃದುವಾಗಿದ್ದು ಒರೆಸಿದರೆ ಅಳಿಸಿಹೋಗುತ್ತಿದ್ದವೆಂಬುದನ್ನೂ ಇಲ್ಲಿ ನೆನೆಯಬೇಕು. ಲೇಪದ ಚರಿತ್ರೆಯಲ್ಲಿ ಸವೆತವು ಮೊದಲಿನಿಂದಲೂ ಜೊತೆಗೇ ಬಂದಿದೆ.

ಈಗಿನ ಅಂಗಡಿಗಳಲ್ಲಿ ದೊರೆಯುವ ಲೇಪಗಳು ಮುಖ್ಯವಾಗಿ ಮೂರು ಬಗೆ. ಮೇಣದ ಜಾತಿಯವು ಕೆಲವೇ ವಾರಗಳಲ್ಲಿ ತೊಳೆದುಹೋಗುತ್ತವೆ. ಸಿಲಿಕೋನ್ ಮತ್ತು ಸಿಲೇನ್ ಜಾತಿಯವು ಗಾಜಿನಲ್ಲಿರುವ ಮರಳಿನ ಅಂಶದೊಡನೆ ರಾಸಾಯನಿಕ ಕಟ್ಟನ್ನು ಕಟ್ಟಿಕೊಂಡು ಹೆಚ್ಚು ಕಾಲ ನಿಲ್ಲುತ್ತವೆ. ಮೂರನೆಯವು ಇಂಗಾಲಕ್ಕೆ ಫ್ಲೋರಿನ್ ಸೇರಿದ ಸಂಯುಕ್ತಗಳಿಂದ ಆದುವು; ಅವು ನೀರನ್ನೂ ಜಿಡ್ಡನ್ನೂ ಏಕರೀತಿಯಾಗಿ ತಳ್ಳುತ್ತವೆ. ೨೦೦೧ರಲ್ಲಿ ಪೇಟೆಗೆ ಬಂದ, ತನ್ನನ್ನು ತಾನೇ ತೊಳೆದುಕೊಳ್ಳುವುದೆಂಬ ಟೈಟೇನಿಯಂ ಲೇಪದ ಕಿಟಕಿ ಗಾಜಿಗೆ ಇಲ್ಲಿ ಪ್ರವೇಶವಿಲ್ಲ. ಅದರ ಕೆಲಸ ನಡೆಯಲು ಬಿಸಿಲಿನ ಅತಿನೇರಳೆ ಕಿರಣವೂ ಮಳೆಯೂ ಬೇಕು. ಬಚ್ಚಲುಮನೆಯಲ್ಲಿ ಎರಡೂ ಇಲ್ಲ.

ಮಾರುವವರು ತಮ್ಮ ಲೇಪವನ್ನು ತಾವರೆಯ ಎಲೆಗೆ ಹೋಲಿಸುವುದುಂಟು. ಹೋಲಿಕೆ ಮನೋಹರವಾದುದು, ಆದರೆ ಪೂರ್ತಿ ನಿಜವಾದುದಲ್ಲ. ತಾವರೆಯೆಲೆ ಕೊಳೆಯನ್ನು ಹೇಗೆ ಕೊಡವಿಕೊಳ್ಳುತ್ತದೆಂಬುದನ್ನು ಜರ್ಮನಿಯ ಬಾರ್ತ್‌ಲೋಟ್ ಮತ್ತು ನೈನ್‌ಹ್ಯೂಸ್ ಎಂಬ ಸಸ್ಯಶಾಸ್ತ್ರಜ್ಞರು ೧೯೯೭ರಲ್ಲಿ ವಿವರಿಸಿದರು. ಎಲೆಯ ಮೈ ನುಣುಪಾಗಿಲ್ಲ; ಕಣ್ಣಿಗೆ ಕಾಣದ ಗುಬುಟುಗಳಿಂದಲೂ ಮೇಣದ ನವಿರುಗಳಿಂದಲೂ ತುಂಬಿದೆ. ಹನಿಯು ಆ ತುದಿಗಳ ಮೇಲೆ ಮಾತ್ರ ನಿಂತು, ಗೋಲಿಯಂತೆ ಉರುಳುತ್ತ ಧೂಳನ್ನು ಹೊತ್ತುಕೊಂಡು ಹೋಗುತ್ತದೆ. ನುಣುಪಾದ ಗಾಜಿಗೆ ಬಳಿದ ಲೇಪವು ಇದರ ಅರ್ಧದಾರಿಯನ್ನಷ್ಟೇ ನಡೆಯಬಲ್ಲದು. ನೀರು ಹರಡದೆ ಹನಿಗೂಡುತ್ತದೆ, ದೊಡ್ಡ ಹನಿಗಳು ಜಾರುತ್ತವೆ, ಸಣ್ಣ ಹನಿಗಳು ಅಲ್ಲಿಯೇ ನಿಂತು ಒಣಗಿ ಒಂದೊಂದು ಸುಣ್ಣದ ಉಂಗುರವನ್ನು ಬಿಡುತ್ತವೆ. ಲೇಪವಿದ್ದ ಗಾಜಿನಲ್ಲಿ ಆ ಉಂಗುರದ ಹಿಡಿತ ಸಡಿಲ. ಬಟ್ಟೆಯ ಒಂದೆಳೆತಕ್ಕೆ ಬಿಡುತ್ತದೆ. ಆದರೆ ಆ ಒಂದೆಳೆತವನ್ನು ಯಾರಾದರೂ ಎಳೆಯಲೇಬೇಕು. ಜೀವವಿರುವ ಎಲೆಗಳಲ್ಲಿ ಎಷ್ಟೋ ಜಾತಿಗಳು ಸವೆದ ಮೇಣವನ್ನು ತಾವೇ ಮರಳಿ ಒಸರಿಕೊಳ್ಳುತ್ತವೆ. ಶೀಶೆಯ ಲೇಪಕ್ಕೆ ಆ ಶಕ್ತಿಯಿಲ್ಲ. ತಿಕ್ಕುವ ಪುಡಿಯಿಂದಲೂ ತೀಕ್ಷ್ಣವಾದ ಕ್ಷಾರದಿಂದಲೂ ಅದು ಬೇಗನೆ ಹಾಳಾಗುತ್ತದೆ. ಹೀಗೆ ಲೇಪವು ಸತ್ಯವಾಗಿ ಕೊಡಬಲ್ಲ ಭರವಸೆಯು ಶ್ರಮವನ್ನು ಹಗುರಮಾಡುವುದಷ್ಟೇ. ಶ್ರಮವನ್ನು ಇಲ್ಲವಾಗಿಸುವೆನೆಂಬ ಮಾತು ಅದರ ಬಾಯಿಗೆ ಮೀರಿದುದು.

ಈ ಎಡೆಯಲ್ಲಿ ಎರಡು ಪಕ್ಷಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು ಪಕ್ಷದವರು ಹೀಗೆ ವಾದಿಸುತ್ತಾರೆ: ಇಂದು ತೊಳೆದುದನ್ನೇ ನಾಳೆಯೂ ತೊಳೆಯುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ, ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಇವುಗಳಿಂದ ಕೈಗಳನ್ನು ಬಿಡಿಸಿದ ಬುದ್ಧಿಯೇ ತೊಳೆತದಿಂದಲೂ ಬಿಡಿಸಲಿ, ಆದುದರಿಂದ ಎಲ್ಲಕ್ಕಿಂತ ಬಲವಾದ ಲೇಪವೇ ಎಲ್ಲಕ್ಕಿಂತ ಉತ್ತಮವಾದುದು. ಇನ್ನೊಂದು ಪಕ್ಷದವರ ಉತ್ತರ ಇದು: ನಿತ್ಯದ ತೊಳೆತವು ಮನಸ್ಸಿಗೆ ಶಿಕ್ಷಣ, ಅಂಗಳವನ್ನು ದಿನವೂ ಸಾರಿಸಿ ರಂಗವಲ್ಲಿಯಿಡುವವರು ನಿನ್ನೆಯ ರಂಗವಲ್ಲಿ ಅಳಿಸಿತೆಂದು ಮರುಗುವುದಿಲ್ಲ, ಲೇಪವನ್ನು ನಂಬಿದ ಮನೆಯಲ್ಲಿ ಸೋಮಾರಿತನ ಬೆಳೆಯುತ್ತದೆ.

ಮೊದಲನೆಯ ವಾದದಲ್ಲಿ ಕರುಣೆಯ ಬೀಜವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಒನಕೆಯನ್ನು ಬಿಡಿಸಿದ ಯಂತ್ರವು ಕುಟ್ಟುವ ಕೆಲಸವನ್ನು ತಾನೇ ವಹಿಸಿಕೊಂಡಿತು. ಲೇಪವು ಒರೆಸುವ ಕೆಲಸವನ್ನು ವಹಿಸಿಕೊಳ್ಳುವುದಿಲ್ಲ. ಈ ಭೇದವನ್ನು ಮರೆತವನು ಲೇಪ ಬಳಿಯಿಸಿ ಆರು ತಿಂಗಳು ಕದದ ಕಡೆ ನೋಡುವುದಿಲ್ಲ. ಎರಡನೆಯ ವಾದ ಕಿವಿಗೆ ಗಂಭೀರವಾಗಿದೆ. ಅದನ್ನು ಹೇಳುವವರಲ್ಲಿ ಕದವನ್ನು ಕೈಯಾರೆ ಒರೆಸುವವರು ಎಷ್ಟು ಮಂದಿಯೆಂದು ಮಾತ್ರ ವಿಚಾರಿಸಬೇಕು. ಇನ್ನೊಬ್ಬರ ಕೈಯಿಂದ ನಡೆಯುವ ದುಡಿಮೆಯಲ್ಲಿ ತನ್ನ ಮನಸ್ಸಿನ ಶಿಕ್ಷಣವನ್ನು ಕಾಣುವುದು ಆತ್ಮವಂಚನೆಯ ಒಂದು ಸುಲಭವಾದ ರೂಪ. ತೊಳೆತವು ತಪಸ್ಸೆಂದಾದರೆ ತಪಸ್ಸಿನ ಫಲವು ತೊಳೆದವಳಿಗೆ ಸೇರಬೇಕು, ಮಿಂದು ಹೋದವನಿಗಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಅಂಥವು ಊರಿನಲ್ಲಿ ಹಲವಿರುವುದರಿಂದ ಕಲ್ಪನೆಗೆ ಕಷ್ಟವಿಲ್ಲ. ಕದ ಮಬ್ಬಾಗಿದೆ, ಮುಂದಿನ ವಾರ ನೆಂಟರು ಬರುವವರಿದ್ದಾರೆ. ಮನೆಯೊಡತಿಯು ಕೆಲಸಕ್ಕೆ ಬರುವ ಹೆಂಗಸಿನ ಕೈಗೆ ಒಂದು ಶೀಶೆ ಆಸಿಡ್ ಕೊಡುತ್ತಾಳೆ. ಬಚ್ಚಲುಮನೆಗೆ ಇರುವುದು ಒಂದು ಗೇಣು ಕಿಟಕಿ. ಆಸಿಡ್ಡಿನ ಹಬೆ ಗಂಟಲನ್ನು ಹಿಡಿಯುತ್ತದೆ, ಬೆರಳ ಸಂದುಗಳು ಉರಿಯುತ್ತವೆ, ನಲ್ಲಿಯ ಮೆರುಗು ಕರಗುತ್ತದೆ. ಬೇಗ ಬಿಳುಪಾಗಲೆಂದು ಅದೇ ಕಲ್ಲಿನ ಮೇಲೆ ಬ್ಲೀಚಿಂಗ್ ದ್ರವವನ್ನೂ ಸುರಿದರೆ ಎರಡೂ ಕೂಡಿ ಕ್ಲೋರಿನ್ ಅನಿಲ ಏಳುತ್ತದೆ. ಅದು ಶ್ವಾಸಕೋಶವನ್ನು ಸುಡುವ ವಿಷ. ಕೆಲಸ ಮುಗಿದ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಮ್ಮಾ, ಸ್ನಾನ ಆದ ಕೂಡ್ಲೆ ಒಂದ್ ಸಲ ನೀರು ಎಳ್ದುಬಿಟ್ರೆ ಇದು ಕಟ್ಟೋದೇ ಇಲ್ಲ," ಎನ್ನುತ್ತಾಳೆ. ಮನೆಯೊಡತಿಯು, "ನಮ್ಮನೇಲಿ ಯಾರಿಗಿದೆಯಮ್ಮಾ ಅಷ್ಟು ಪುರಸೊತ್ತು?" ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ಸಿಟ್ಟಿಲ್ಲ. ಆದರೂ ಆ ಮನೆಯ ನಾಲ್ವರಲ್ಲಿ ಒಬ್ಬೊಬ್ಬರೂ ದಿನಕ್ಕೆ ಅರ್ಧ ನಿಮಿಷದಂತೆ ಉಳಿಸಿಕೊಂಡ ಪುರಸೊತ್ತಿನ ಬೆಲೆಯನ್ನು ಅವಳ ಗಂಟಲು ಒಂದೇ ದಿನದಲ್ಲಿ ಒಟ್ಟಾಗಿ ತೆತ್ತಿದೆ.

ಇಲ್ಲಿ ಶ್ರಮದ ಒಂದು ನಿಯಮವು ಗೋಚರಿಸುತ್ತದೆ. ಒದ್ದೆಯಾಗಿರುವಾಗ ಒರೆಸಿದರೆ ರಬ್ಬರು ಪಟ್ಟಿಯ ವೈಪರು ಸಾಕು. ಒಣಗಿದ ಮೇಲೆ ಹುಳಿ ಬೇಕು. ಹಳೆಯದಾದ ಮೇಲೆ ಆಸಿಡ್ ಬೇಕು. ಅನಂತರ ಯಾವುದರಿಂದಲೂ ಆಗದು. ತಡಮಾಡಿದಷ್ಟೂ ಕೆಲಸ ಕ್ರೂರವಾಗುತ್ತದೆ. ಕ್ರೂರವಾದಷ್ಟೂ ಅದು ಮಾಡಿದವನ ಕೈಯಿಂದ ಜಾರಿ, ಬೇಡವೆನ್ನಲಾರದವರ ಕೈಗೆ ಸೇರುತ್ತದೆ. ಒಳ್ಳೆಯ ಲೇಪವು ಈ ಇಳಿಜಾರಿನಲ್ಲಿ ಸ್ವಲ್ಪ ಕಾಲ ತಡೆಹಿಡಿಯುತ್ತದೆ, ಅದರಿಂದ ಆಸಿಡ್ಡಿನ ದಿನವು ದೂರ ಸರಿಯುತ್ತದೆ. ಲೇಪದ ಪರವಾಗಿ ಹೇಳತಕ್ಕ ಅತಿ ಬಲವಾದ ಮಾತು ಇದೇ. ಹೊಳಪಿಗಾಗಿ ಅದನ್ನು ಕೊಳ್ಳುವವನಿಗಿಂತ, ತೊಳೆಯುವವಳ ಕೈ ಉಳಿಯಲೆಂದು ಕೊಳ್ಳುವವನ ಕಾರಣವು ಮೇಲಾದುದು.

ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಬಾಳುವ ಲೇಪವನ್ನೇ ಆರಿಸಬೇಕಲ್ಲವೆ? ಇಲ್ಲಿ ಇನ್ನೊಂದು ಹೊಣೆ ಅಡ್ಡ ಬರುತ್ತದೆ. ಇಂಗಾಲ ಮತ್ತು ಫ್ಲೋರಿನ್ನುಗಳ ಕಟ್ಟು ಬಹು ಬಿಗಿಯಾದುದು. ಬಿಸಿಲು, ನೀರು, ಸೂಕ್ಷ್ಮಜೀವಿ ಯಾವುದೂ ಅದನ್ನು ಸುಲಭವಾಗಿ ಬಿಡಿಸಲಾರದು. ಆ ಬಿಗಿತವೇ ಅದರ ಗುಣ, ಅದೇ ಅದರ ದೋಷ. ಈ ಕುಲದ ಒಂದು ರಾಸಾಯನಿಕವನ್ನು ೨೦೦೯ರಲ್ಲಿಯೂ, ಮತ್ತೊಂದನ್ನು ೨೦೧೯ರಲ್ಲಿಯೂ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ನಿರ್ಬಂಧದ ಪಟ್ಟಿಗೆ ಸೇರಿಸಿದುವು. ಆ ಎರಡನೆಯದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೨೩ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುವೆಂದು ವರ್ಗೀಕರಿಸಿತು. ಕುಡಿಯುವ ನೀರಿನಲ್ಲಿ ಇವೆರಡೂ ಲೀಟರಿಗೆ ೪ ನ್ಯಾನೋಗ್ರಾಂಗಿಂತ ಹೆಚ್ಚಿರಕೂಡದೆಂದು ಅಮೆರಿಕವು ೨೦೨೪ರಲ್ಲಿ ಗೊತ್ತುಮಾಡಿತು. ಫ್ಲೋರಿನ್ ಇರುವ ಲೇಪಗಳೆಲ್ಲವೂ ಈ ಎರಡು ವಸ್ತುಗಳೇ ಎಂದು ಹೇಳುವುದು ಅನ್ಯಾಯವಾದೀತು. ಆದರೂ ಅಳಿಯದಿರುವುದು ಆ ಕುಲದ ಸಾಮಾನ್ಯ ಲಕ್ಷಣವಾಗಿರುವಾಗ, ಗಾಜಿನಿಂದ ಸವೆದು ಹೋದುದು ಎಲ್ಲಿಗೆ ಹೋಯಿತೆಂದು ಕೇಳುವುದು ವಿವೇಕಿಯಾದ ಗೃಹಸ್ಥನಿಗೆ ಸಲ್ಲತಕ್ಕದ್ದು.

ಬೆಂಗಳೂರಿನವರಿಗೆ ಈ ಪ್ರಶ್ನೆಯ ಉತ್ತರ ದೂರದಲ್ಲಿಲ್ಲ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಸಂಸ್ಕರಿಸಿ ೨೦೧೮ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗಿದೆ. ಒಣಗಿದ್ದ ಕೆರೆಗಳು ತುಂಬಿದುವು, ಸುತ್ತಲಿನ ಬಾವಿಗಳಿಗೆ ನೀರು ಇಂಗಿತು. ನಗರದ ಬಚ್ಚಲಿನಲ್ಲಿ ಜಾರಿದ ಹನಿ ಇನ್ನೊಂದು ಜಿಲ್ಲೆಯ ರೈತನ ಬಾವಿಗೆ ಸೇರುವುದೆಂಬುದು ಇಲ್ಲಿ ಅಲಂಕಾರದ ಮಾತಾಗಿ ಉಳಿದಿಲ್ಲ. ಸಾಮಾನ್ಯ ಸಂಸ್ಕರಣದ ತೊಟ್ಟಿಗಳನ್ನು ಕಟ್ಟಿರುವುದು ಮಲಿನವನ್ನು ಕೊಳೆಯಿಸಿ ಕಳೆಯುವುದಕ್ಕಾಗಿ. ಕೊಳೆಯಲಾರದ ವಸ್ತುವನ್ನು ಅವು ನಾಶಮಾಡಲಾರವು. ತನ್ನ ಕದದ ಮೇಲಿನ ಕಲೆಯನ್ನು ತಪ್ಪಿಸಿಕೊಳ್ಳಲು, ಮತ್ತೊಬ್ಬರ ನೀರಿನಲ್ಲಿ ಎಂದಿಗೂ ತೊಳೆಯಲಾಗದ ಕಲೆಯನ್ನು ಬಿಡುವ ಸಂಭವವಿರುವಲ್ಲಿ, ಕಡಿಮೆ ಬಾಳುವ ಲೇಪವೇ ಹೆಚ್ಚು ಧರ್ಮಸಮ್ಮತವಾದುದು.

ಲೇಪವೆಂದರೆ ಈ ನಾಡಿಗೆ ಹೊಸದೇನೂ ಅಲ್ಲ. ಹಿತ್ತಾಳೆ ತಾಮ್ರಗಳ ಪಾತ್ರೆಗೆ ಕಲಾಯಿ ಹಾಕಿಸುವ ಪದ್ಧತಿ ಮನೆಮನೆಗೂ ತಿಳಿದಿತ್ತು. ಹುಳಿ ಸಾರು ತಾಮ್ರಕ್ಕೆ ತಾಗಿ ಕಿಲುಬು ಏಳದಿರಲೆಂದು ಕಲಾಯಿಯವನು ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯೆರಚಿ, ತವರವನ್ನು ಕರಗಿಸಿ, ಅರಳೆಯಿಂದ ಒಂದೇ ಸುತ್ತಿನಲ್ಲಿ ಒಳಮೈಗೆಲ್ಲ ಹರಡುತ್ತಿದ್ದನು. ಅವನಾಗಲಿ ಮನೆಯವರಾಗಲಿ ಅದು ಶಾಶ್ವತವೆಂದು ಎಂದೂ ತಿಳಿದಿರಲಿಲ್ಲ. ತಳದಲ್ಲಿ ಕೆಂಪು ಕಾಣಿಸಿಕೊಂಡಿತೆಂದರೆ ಆ ಪಾತ್ರೆಯಲ್ಲಿ ಹುಳಿ ಮಾಡುವುದನ್ನು ನಿಲ್ಲಿಸಿ, ಕಲಾಯಿಯವನ ಕೂಗಿಗೆ ಕಿವಿಗೊಡುತ್ತಿದ್ದರು. ಲೇಪ ಸವೆಯುವುದೆಂಬ ತಿಳಿವಳಿಕೆಯೇ ಪಾತ್ರೆಯನ್ನು ನೋಡಿಕೊಳ್ಳುವ ಕಣ್ಣನ್ನು ಎಚ್ಚರವಾಗಿಟ್ಟಿತ್ತು. ಇಂದಿನ ಶೀಶೆಯ ಮೇಲಿನ ಮಾತಿನಲ್ಲಿ ಕೊರತೆಯಾಗಿರುವುದು ಆ ಪ್ರಾಮಾಣಿಕತೆ. ಅಂಥ ಮಾತನ್ನು ನಂಬುವುದರಲ್ಲಿ ಕೊಳ್ಳುವವನ ತಪ್ಪೂ ಒಂದಿಷ್ಟು ಇದೆ, ಏಕೆಂದರೆ ಹಾಗೆ ನಂಬುವುದು ಅವನಿಗೆ ಅನುಕೂಲ.

ಇಷ್ಟನ್ನು ಕೂಡಿಸಿ ನೋಡಿದರೆ ನಿರ್ಣಯವು ಕಠಿಣವಾದುದಲ್ಲ. ಮನೆ ಕಟ್ಟಿಸುವಾಗಲೇ, ಗಡಸು ನೀರಿನ ಊರಿನಲ್ಲಿ ಗಾಜಿನ ಕದ ಬೇಕೇ ಎಂದು ಕೇಳಿಕೊಳ್ಳುವುದು ಮೊದಲನೆಯದು. ವಸ್ತುವನ್ನು ಆರಿಸುವವನು ಅದರ ಮುಂದಿನ ಚಾಕರಿಯನ್ನೂ ಆರಿಸಿದಂತೆಯೇ. ಬೇಕೆಂದಾದರೆ, ಛಾವಣಿಯ ಮಳೆನೀರನ್ನು ಹಿಡಿದು ಬಳಸುವಷ್ಟು ದಿನ ಕಲ್ಲಿನ ಕಾಟವೇ ಇರದು. ಆ ನೀರಿನಲ್ಲಿ ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. ಲೇಪವನ್ನು ಕೊಳ್ಳುವುದಾದರೆ ಫ್ಲೋರಿನ್ ಇಲ್ಲದ ಸಿಲಿಕೋನ್ ಜಾತಿಯದನ್ನು ಕೇಳಿ ಕೊಳ್ಳತಕ್ಕದ್ದು. ಏನಿದೆಯೆಂದು ಹೇಳದ ಶೀಶೆಯನ್ನು ಬಿಡತಕ್ಕದ್ದು. ಗಾಜು ಹೊಸದಾಗಿರುವಾಗಲೇ, ಇಲ್ಲವೆ ಕಲೆಯನ್ನು ಪೂರ್ತಿಯಾಗಿ ತೆಗೆದು ಒಣಗಿಸಿದ ಮೇಲೆಯೇ ಬಳಿಯಬೇಕು. ಕಲೆಯ ಮೇಲೆ ಬಳಿದ ಲೇಪ ಕಲೆಯನ್ನೇ ಕಾಪಾಡುತ್ತದೆ. ನೀರು ಹನಿಗೂಡದೆ ಹರಡತೊಡಗಿತೆಂದರೆ ಕಲಾಯಿ ಬಿಟ್ಟಿತೆಂದು ತಿಳಿದು ಮತ್ತೆ ಬಳಿಯಬೇಕು. ನಡುವೆ ಕೂತ ಚುಕ್ಕೆಗಳಿಗೆ ನಿಂಬೆರಸ ಅಥವಾ ನೀರು ಬೆರೆಸಿದ ವಿನಿಗರು ಸಾಕು.

ಇವೆಲ್ಲಕ್ಕೂ ಮೇಲಾದುದು ಹತ್ತು ರೂಪಾಯಿಯನ್ನೂ ಕೇಳದು. ಮಿಂದವನು ಮೈಯೊರೆಸಿಕೊಳ್ಳುವುದಕ್ಕೆ ಮುಂಚೆ ವೈಪರಿನಿಂದ ಕದದ ನೀರನ್ನು ಮೇಲಿನಿಂದ ಕೆಳಕ್ಕೆ ಎಳೆದು ಬರಲಿ. ಯಜಮಾನನಾಗಲಿ, ಮಗನಾಗಲಿ, ಬಂದ ನೆಂಟನಾಗಲಿ, ಯಾರು ಮಿಂದರೋ ಅವರು. ಉಂಡ ಎಲೆಯನ್ನು ತಾನೇ ಎತ್ತುವವನಿಗೆ ಇದು ಹೊಸ ಪಾಠವಲ್ಲ.

ಗೀತೆಯ ಐದನೆಯ ಅಧ್ಯಾಯದಲ್ಲಿ ನಿರ್ಲಿಪ್ತನನ್ನು ತಾವರೆಯೆಲೆಗೆ ಹೋಲಿಸಿದೆ. ಆ ಹೋಲಿಕೆಯನ್ನು ಕೇಳಿ, ಏನೂ ಅಂಟಿಸಿಕೊಳ್ಳದೆ ಜಾರಿಕೊಳ್ಳುವುದೇ ನಿರ್ಲೇಪವೆಂದು ತಿಳಿಯುವವರುಂಟು. ಅಲ್ಲಿ ಹೇಳಿರುವುದು ಕರ್ಮವನ್ನು ಬಿಟ್ಟವನ ವಿಷಯವಲ್ಲ, ಮಾಡುವವನ ವಿಷಯ. ಮಾಡತಕ್ಕ ಕೆಲಸವನ್ನು ಇನ್ನೊಬ್ಬರ ಮೇಲೆ ಜಾರಿಸಿ ತಾನು ಒಣಗಿ ಹೊರಬಂದವನು ನಿರ್ಲಿಪ್ತನೆನಿಸನು; ಅವನ ಲೇಪವು ಬೇರೊಬ್ಬರ ಕೈಗೆ ಅಂಟಿರುತ್ತದೆ. ನಾಳೆಯೂ ನೀರು ಬೀಳುವುದು, ನಾಳೆಯೂ ಒರೆಸಬೇಕಾಗುವುದು. ತಾನು ಬಿಟ್ಟ ಹನಿಯನ್ನು ತಾನೇ ಒರೆಸಿ ಬಂದವನ ಹಿಂದೆ ಕದವು ತಿಳಿಯಾಗಿ ನಿಂತಿರುತ್ತದೆ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಬಂದ ಹೆಂಗಸು ಅದನ್ನೊಮ್ಮೆ ನೋಡಿ, ಶೀಶೆಯನ್ನು ಮುಟ್ಟದೆ ಮುಂದಿನ ಕೆಲಸಕ್ಕೆ ಹೋಗುತ್ತಾಳೆ.